ಇಪ್ಪತ್ತೊಂದನೆಯ ಸಹಿ

ಚಟ್ಟನೂಗಾ ಬಳಿಯ ಶಿಬಿರ, ಟೆನ್ನೆಸೀ
೧೮೬೪, ಜನವರಿ ೪

ನಮ್ಮ ಅಡುಗೆಮನೆಯ ಒಲೆಯ ಸುತ್ತ ನೆರೆದಿರುವ ಮಹಾಜನರೇ, ಕುರ್ಚಿ ಎಳೆಯುವವರು ಈಗಲೇ ಎಳೆದುಕೊಳ್ಳಿ, ನನ್ನ ಪ್ರವೇಶವಾಗುತ್ತಿದೆ. ಇದನ್ನು ಓದಿ ಹೇಳುತ್ತಿರುವ ನನ್ನ ಪ್ರೀತಿಯ ಲವೀನಾ, ಕ್ಷೇಮವೇ? ನಮ್ಮ ಮಗಳು ಹೆಸ್ಟರಳ ಕಿವಿನೋವು ಇಳಿಯಿತೇ? ಪಕ್ಕದ ಮನೆಯ ಮರ್ಸಿ ಬಂದಿದ್ದರೆ ಅವಳನ್ನೂ ಮಗುವನ್ನೂ ಒಲೆಗೆ ಹತ್ತಿರ ಕೂರಿಸು. ಅವಳ ಗಂಡ ಎಫ್ರಾಯಿಮ್ ನನ್ನ ಪಕ್ಕದಲ್ಲೇ ಬೂಟು ಒಣಗಿಸುತ್ತ ಕೂತಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಮಗಳು ಈಗ ಏನೇನು ಮಾತಾಡುತ್ತಾಳೆ ಕೇಳು ಅನ್ನುತ್ತಾನೆ. ಅವಳಿಗೆ ಎರಡು ತುಂಬುತ್ತ ಬಂತು, ಅಪ್ಪ ಇನ್ನೂ ಮುಖ ಕಂಡಿಲ್ಲ.

ಅರವತ್ತೊಂದರ ಆಗಸ್ಟಿನಲ್ಲಿ ಬ್ಯಾಂಡಿನ ಹಿಂದೆ ನಮ್ಮೂರಿನ ತೊಂಬತ್ತಾರು ಸ್ವಯಂಸೇವಕರು ದಕ್ಷಿಣದವರ ಮೇಲಿನ ಯುದ್ಧಕ್ಕೆ ಹೊರಟದ್ದನ್ನು ನೀವೆಲ್ಲ ಕಂಡಿದ್ದೀರಿ. ಇಂದು ಹಾಜರಿ ಕರೆದರೆ ಓಗೊಡುವವರು ಇಪ್ಪತ್ತೆಂಟು. ಲವೀನಾ, ನಿನ್ನ ತಮ್ಮ ಆರಿನ್ ಚಿಕಮಾಗಾದ ಕಾಳಗದಲ್ಲಿ ಬಿದ್ದನಲ್ಲ, ಆ ಒಂದೇ ಮಧ್ಯಾಹ್ನ ಹತ್ತೊಂಬತ್ತು ಹೆಸರು ಹೋದವು. ಅವನ ಹೆಸರಿದ್ದ ಜಾಗಕ್ಕೆ ಬಂದಾಗ ಸಾರ್ಜೆಂಟ್ ಈಗಲೂ ತುಸು ನಿಲ್ಲುತ್ತಾನೆ.

ಈ ಆಗಸ್ಟಿಗೆ ನಮ್ಮ ಅವಧಿ ಮುಗಿಯುತ್ತದೆ. ಸರ್ಕಾರ ಬಿಡಲೊಲ್ಲದು. ನಮ್ಮ ತುಕಡಿಯ ಮುಕ್ಕಾಲು ಪಾಲು ಜನ ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿದರೆ, ಹಾಕಿದವರೆಲ್ಲ ಈಗಲೇ ಒಟ್ಟಾಗಿ ಮೂವತ್ತು ದಿನ ಮನೆಗೆ ಹೋಗಬಹುದಂತೆ. ಇಪ್ಪತ್ತೊಂದು ಸಹಿ ಬೇಕು, ಒಂದು ಕಡಿಮೆಯಾದರೂ ಯಾರಿಗೂ ರಜೆಯಿಲ್ಲ. ಎಫ್ರಾಯಿಮನದೂ ಸೇರಿ ಇಪ್ಪತ್ತಾಗಿವೆ. ಏಳು ಮಂದಿ ಸುತರಾಂ ಒಲ್ಲೆವೆಂದು ದೂರ ಸರಿದಿದ್ದಾರೆ. ಉಳಿದವನು ನಾನೊಬ್ಬ. ಆಗಸ್ಟಿಗೆ ಮನೆ, ಆಮೇಲೆ ಬಂದೂಕು ಮುಟ್ಟುವುದಿಲ್ಲ ಎಂದು ನಿನಗೆ ಮಾತು ಕೊಟ್ಟವನು. ಹಾಗೆಂದು ಶಿಬಿರಕ್ಕೆಲ್ಲ ಊರ ನಾಟಕದಲ್ಲಿ ನಾನು ಹಾಕುತ್ತಿದ್ದ ರಾಜನ ಪಾತ್ರದ ದನಿಯಲ್ಲೇ ಸಾರಿಬಿಟ್ಟಿದ್ದೇನೆ.

ಅಂದಿನಿಂದ ನನಗೆ ರಾಜೋಪಚಾರ. "ಅಣ್ಣಾ, ಬೆಂಕಿ ಹತ್ರ ಬಾ, ಅಲ್ಲೇನ್ ಮೂಲೇಲಿ ನಡುಗ್ತಾ ಕೂತಿದ್ದೀಯ?" ಹುಳ ಆರಿಸಿ ತೆಗೆದು ಬಿಸ್ಕತ್ತು ಕೊಡುತ್ತಾರೆ. "ಏನ್ರೋ, ಹಂದಿ ಥರ ಕೊಬ್ಬಿಸಿ ಕುಯ್ಯೋ ಯೋಚನೆನಾ?" ಅಂದರೆ, "ನಿನ್ನಲ್ಲಿ ಮಾಂಸ ಎಲ್ಲಿದೆ ಮಾರಾಯ, ಬರೀ ಬಾಯಿ" ಅನ್ನುತ್ತಾರೆ. ನಗುತ್ತೇವೆ. ಸಹಿಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎಫ್ರಾಯಿಮನಂತೂ ನನ್ನ ಬೂಟಿಗೂ ಎಣ್ಣೆ ಸವರಿ ಇಟ್ಟಿದ್ದಾನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿರಿಯರಿಗೆ ನಮಸ್ಕಾರ, ಹೆಸ್ಟರಳ ಎರಡೂ ಕೆನ್ನೆಗೆ ಮುತ್ತು. ದೇವರು ನಿಮ್ಮೆಲ್ಲರನ್ನೂ ಬೆಚ್ಚಗಿಟ್ಟಿರಲಿ. ಪರದೆ ಬಿತ್ತು, ಮಹಾಜನರು ಇನ್ನು ಮನೆಗೆ ಹೋಗಬಹುದು.

ನಿನ್ನ
ಬಾರ್ನಬಸ್

ಮರೆತ ಮಾತು: ಬೇರೆ ಮಡಿಸಿಟ್ಟ ಈ ಚೀಟಿಯನ್ನು ಒಬ್ಬಳೇ ಓದು. ಎಫ್ರಾಯಿಮನಿಗೆ ಓದಲು ಬಾರದು, ಮರ್ಸಿಗೆ ಬರೆಯಲು ಬಾರದು. ಅವಳು ಹೇಳಿದ್ದನ್ನು ನೀನು ಬರೆಯುತ್ತೀ, ನಾನು ಇವನಿಗೆ ಓದಿ ಹೇಳುತ್ತೇನೆ. ಕಳೆದ ವಾರದ ಕಾಗದದ ಕೊನೆಗೆ ಅವಳಿಗೆ ತಿಳಿಯದಂತೆ ನೀನು ಸೇರಿಸಿದ ಸಾಲನ್ನು ಕಂಡೆ. "ಮರ್ಸಿ ರಕ್ತ ಕೆಮ್ಮುತ್ತಾಳೆ, ಏಪ್ರಿಲ್ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅವನಿಗೆ ಮೆಲ್ಲಗೆ ತಿಳಿಸು." ಡೇರೆಯಲ್ಲಿದ್ದವರೆಲ್ಲ ಕೇಳುತ್ತಿದ್ದರು. ನಾನು "ಚೂರು ಶೀತ, ವಾಸಿಯಾಗ್ತಿದೆ" ಎಂದು ಓದಿಬಿಟ್ಟೆ. ರಂಗದ ಮೇಲೂ ನಾನು ಅಷ್ಟು ಚೆನ್ನಾಗಿ ನಟಿಸಿದ್ದಿಲ್ಲ. "ಶೀತಾನಾ? ಬಿಸಿ ಸೇಬಿನ ರಸ ಕುಡೀಲಿ ಅಂತ ಬರಿಯಣ್ಣ" ಎಂದು ಅವನು ನಕ್ಕ.

ನಾನು ಸಹಿ ಹಾಕದಿದ್ದರೆ ಅವನು ಬರುವುದು ಅವಳ ಸಮಾಧಿಗೆ. ಹಾಕಿದರೆ, ಆರಿನ್‌ನ ಸುದ್ದಿ ತಂದ ಆ ಅಂಚೆಯವನ ಹೆಜ್ಜೆಗೆ ನೀನು ಮತ್ತೆ ಮೂರು ವರ್ಷ ಬೆಚ್ಚಬೇಕು. ಆ ಸಾಲು ಬರೆಯುವಾಗ ಈ ಸಹಿಯ ವಿಷಯ ನಿನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ನೀನು ಬರೆಯುತ್ತಿದ್ದೆ, ಗೊತ್ತು ನನಗೆ. ಕ್ಷಮಿಸು ಲವೀನಾ. ನಾಳೆ ಬೆಳಿಗ್ಗೆ ಮೊದಲು ಕ್ಯಾಪ್ಟನ್ನರ ಡೇರೆಗೆ ಹೋಗಿ ಸಹಿ ಹಾಕುತ್ತೇನೆ, ಸುದ್ದಿ ಕೇಳಿ ಎಫ್ರಾಯಿಮ್ ಆ ಸಹಿಗಾಗಿ ನನ್ನೆದುರು ಕೈಚಾಚುವಂತಾಗಬಾರದು. ಆಮೇಲೆ ಅವನನ್ನು ಹಳ್ಳದ ಕಡೆ ಕರೆದುಕೊಂಡು ಹೋಗಿ, ನೀನು ಬರೆದ ಸಾಲನ್ನು ನೀನು ಬರೆದ ಹಾಗೆಯೇ ಓದಿ ಹೇಳುತ್ತೇನೆ.