ರಾಕ್ಷಸನ ಸೂತಕ

ಚಿರಂತನ,

ನಿನ್ನೆ ಆಟದಲ್ಲಿ ನೀನು ಕೊಂದ ರಾಕ್ಷಸ ಇವತ್ತು ತಿಂಡಿಯ ಹೊತ್ತಿಗೆ ಬದುಕಬೇಕು. ನಾನು ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ನರಸೀಪುರಕ್ಕೆ ಹೊರಟಿದ್ದೇನೆ, ಹಾಗಾಗಿ ಇದು ನಿನ್ನ ಕೆಲಸ.

ಮೊದಲ ಸಲ ನಾನೇ ಕಥೆ ಹೇಳಿ ನಿನ್ನನ್ನೂ ಅಜ್ಜಿಯನ್ನೂ ಆಡಿಸುತ್ತಿದ್ದೇನೆಂದು ಗುಹೆಯ ನಕ್ಷೆ, ರಾಕ್ಷಸನ ಬಲ, ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಅಜ್ಜಿ ಕತ್ತಿ ಎತ್ತುವ ಬದಲು ಅವನ ಗೋತ್ರ ಕೇಳುತ್ತಾರೆಂದು ಎಣಿಸಿರಲಿಲ್ಲ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ತಾನೆ, ಅದನ್ನೇ ಹೇಳಿದೆ. ನಮ್ಮದೂ ಅದೇ ಎಂದು ಹೊಳೆಯಲಿಲ್ಲ. ಊರು ಕೇಳಿದರು, ಬಾಯಿಗೆ ಬಂದದ್ದು ಹದಿನಾರು ಅನ್ನುವ ಹಳ್ಳಿಯ ಹೆಸರು.

"ಅಯ್ಯೋ, ನಿಮ್ಮ ತಾತನ ಊರು ಕಣೇ! ಇವ್ನು ನಮ್ಮ ದಾಯಾದಿ!" ಎನ್ನುವಷ್ಟರಲ್ಲಿ ನೀನು ದಾಳ ಹಾಕಿ ಅವನ ತಲೆ ಹಾರಿಸಿದ್ದೆ.

ಈಗ ಅಜ್ಜಿಗೆ ಸೂತಕ. "ಆಟ ಅಂತ ಗೊತ್ತು ಕಣೇ, ಆದ್ರೂ ಯಾಕೆ ರಿಸ್ಕು?" ಅಂತಾರೆ. ದೇವರಿಗೆ ದೀಪ ಹಚ್ಚಿಲ್ಲ. ದೀಪ ಹಚ್ಚದೆ ತಿಂಡಿ ತಿನ್ನುವುದಿಲ್ಲ, ತಿಂಡಿ ತಿನ್ನದೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವಂತಿಲ್ಲ.

ಅವರೆದುರು ಕೂತು ಆ ಇಪ್ಪತ್ತು ಮುಖದ ದಾಳ ಹಾಕು. ಎಷ್ಟು ಬಿದ್ದರೂ ಇಪ್ಪತ್ತು ಬಿತ್ತು, ತಲೆ ಮತ್ತೆ ಬೆಳೆಯಿತು ಅನ್ನು. ಲ್ಯಾಬಿನಲ್ಲಿ ರೀಡಿಂಗ್ ತಿದ್ದುವ ಹುಡುಗರಿಗೆ ಸೊನ್ನೆ ಕೊಡುವವಳು ನಾನು, ಆದರೂ ಹೇಳುತ್ತಿದ್ದೇನೆ, ತಿದ್ದು.

ಅವನು ಎದ್ದ ಕೂಡಲೇ ಅಜ್ಜಿ ದೀಪ ಹಚ್ಚಿ ಅವನಿಗೆ ತಿಂಡಿ ಬಡಿಸಲು ಹೊರಡುತ್ತಾರೆ. ಒಬ್ಬನೇ ಕೂತರೆ ಅವನಿಗೆ ಸೇರುವುದಿಲ್ಲವಂತೆ ಎಂದು ಹೇಳಿ ಅವರನ್ನೂ ಕೂರಿಸು. ಉಪ್ಪಿಟ್ಟು ಬಾಣಲೆಯಲ್ಲಿದೆ, ಮಾತ್ರೆ ಕಿಟಕಿಯಲ್ಲಿದೆ.

ರಾಕ್ಷಸನ ಪಾಲನ್ನು ನೀನೇ ತಿನ್ನು. ಕೊಂದವನು ನೀನು.

ಮಾನ್ಯಾ