ಪಟ್ಟಿಯಿಂದ ತೆಗೆದ ಐದು ಹಸು

ತಿ. ನರಸೀಪುರ
೧೪ ನವೆಂಬರ್ ೨೦೨೪, ಗುರುವಾರ ಬೆಳಗ್ಗೆ

ನನ್ನ ಮಧು ಅಕ್ಕನಿಗೆ,

ಕೈಯಲ್ಲಿ ಫೋನಿರುವಾಗ ಇವಳೇಕೆ ಕಾಗದ ಕಳಿಸಿದಳು ಎಂದು ನಿನಗೆ ಗಾಬರಿಯಾಗಬಹುದು. ಗಾಬರಿಯಾದರೂ ಪರವಾಗಿಲ್ಲ ಅಕ್ಕಾ, ಒಂದು ಕಡೆ ಕುಳಿತು ಓದು. ನಿನ್ನೆ ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ನಿಮ್ಮತ್ತೆ ಕೆಂಪಾಜಮ್ಮನವರು ಎತ್ತಿದರು, ಸುಮ್ಮನೆ ಯೋಗಕ್ಷೇಮ ಕೇಳಿ ಇಟ್ಟೆ. ಎರಡನೇ ಸಲ ನೀನೇ ಎತ್ತಿದೆ. ಆಗಲೂ ಗಾನವಿ ಅಂಗನವಾಡಿಗೆ ಅಳದೆ ಹೋಗುತ್ತಾಳಾ ಎಂದಷ್ಟೇ ಕೇಳಿ ಫೋನ್ ಇಟ್ಟೆ. ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಸುಳ್ಳೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ರವಿ ಭಾವನಿಗೆ ಈಗಲೇ ಫೋನ್ ಮಾಡು. ತಾಂಡವಪುರದ ಫ್ಯಾಕ್ಟರಿಯಿಂದ ಅರ್ಧ ದಿನ ರಜೆ ಹಾಕಿ ಬರಲಿ. ಇವತ್ತೇ ಇಬ್ಬರೂ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ. ಬಸುರಿಯರನ್ನು ನೋಡುವ ಡಾಕ್ಟರಿಗೆ ಈ ಕಾಗದದ ಜೊತೆಗಿರುವ ಚೀಟಿ ಕೊಡು. ಅದರಲ್ಲಿ ಬ್ರುಸೆಲ್ಲಾ ಎಂಬ ರಕ್ತಪರೀಕ್ಷೆ ಮಾಡಿಸಬೇಕೆಂದು ಬರೆದಿದ್ದೇನೆ. ಬರೀ ಜ್ವರದ ಮಾತ್ರೆ ಕೊಟ್ಟು ಕಳಿಸಿದರೆ ಅಲ್ಲಿಂದ ಏಳಬೇಡ. ದಿನ ತುಂಬುವ ಮೊದಲೇ ಕಂದು ಹಾಕಿದ ಹಸುವಿನಿಂದ ಬರಿಗೈಲಿ ಕರು ತೆಗೆದಿದ್ದೇನೆ ಎಂದು ಹೇಳು. ಗಾನವಿಯನ್ನೂ ಕರೆದುಕೊಂಡು ಹೋಗು.

ಇನ್ನು ಯಾಕೆ ಎಂಬುದನ್ನು ಹೇಳುತ್ತೇನೆ.

ಜೂನಿನಲ್ಲಿ ನಮ್ಮ ಸಂಶೋಧನಾ ಯೋಜನೆಯಿಂದ ಬಿಳಿಗೆರೆ ಕಡೆಯ ಮೂರು ಊರುಗಳಿಗೆ ಹನ್ನೆರಡು ಗಬ್ಬದ ಕಡಸುಗಳನ್ನು ಹಂಚಿದ ದಿನ ನಿನಗೆ ನೆನಪಿರುತ್ತದೆ. ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಚಿಕ್ಕಂದಿನಿಂದ ಬೇರೆಯವರ ದನ ಕಾದ ಮನುಷ್ಯ, ಮಗಳು ಮೈಕ್ ಹಿಡಿದು ಹೆಸರು ಕೂಗಿ ಜನರ ಕೈಗೆ ಹಗ್ಗ ಕೊಡುವುದನ್ನು ನೋಡುತ್ತಿದ್ದ. ನಿನ್ನ ಹೆಸರನ್ನೂ ಕೂಗಿದೆ. ನಿನ್ನ ಹೆಸರು ಪಟ್ಟಿಗೆ ಸೇರಿದ್ದು ನನ್ನಿಂದಲೇ.

ಹೊರಗಿನಿಂದ ಕೊಂಡು ತಂದ ದನವನ್ನು ಹಂಚುವ ಮೊದಲು ಒಂದು ತಿಂಗಳು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ, ರೋಗವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಾನು ಬೇರೆ ಹುಡುಗರಿಗೆ ಪಾಠ ಮಾಡುವ ಮೊದಲ ವಿಷಯವೇ ಇದು. ಆದರೆ ಕಾರ್ಯಕ್ರಮದ ತಾರೀಖು ನಿಗದಿಯಾಗಿತ್ತು, ಶಾಮಿಯಾನ ಹಾಕಿಯಾಗಿತ್ತು. ಯೋಜನೆಯ ಮುಖ್ಯಸ್ಥರಾದ ಗುರುಪ್ರಸಾದ್ ಸರ್, "ನೋಡೋಕೆ ಚೆನ್ನಾಗೇ ಇವೆಯಲ್ಲ ಗೌತಮಿ, ಸರ್ಟಿಫಿಕೇಟಿಗೆ ಸೈನ್ ಹಾಕಿ, ರಕ್ತ ಆಮೇಲೆ ತೆಗೆದ್ರಾಯ್ತು" ಅಂದರು. ಹನ್ನೆರಡು ಕಡಸೂ ಆರೋಗ್ಯವಾಗಿವೆ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು.

ನಮ್ಮ ಪ್ರಯೋಗ ಏನೆಂಬುದು ನಿನಗೆ ಗೊತ್ತು. ಮೂರು ಊರಿನ ನಲವತ್ತೆಂಟು ಹಸುಗಳಿಗೆ, ಈ ಕಡಸುಗಳೂ ಸೇರಿ, ನಾವು ತಯಾರಿಸಿದ ಹೊಸ ಫೀಡ್ ತಿನ್ನಿಸುವುದು, ವಾರಕ್ಕೊಮ್ಮೆ ಹಾಲು ಅಳೆಯುವುದು. ಫೀಡ್ ಒಳ್ಳೆಯದೇ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಕರೆಯುವ ಹಸುಗಳಲ್ಲಿ ಎರಡೇ ತಿಂಗಳಿಗೆ ಒಂದೂವರೆ ಲೀಟರ್ ಹೆಚ್ಚಾಯಿತು. ಸರ್ ಖುಷಿಯಲ್ಲಿ ಎಲ್ಲರಿಗೂ ಬಾದಾಮ್ ಹಾಲು ತರಿಸಿದರು.

ಆಗಸ್ಟ್ ಕೊನೆಯಲ್ಲಿ ನಿಮ್ಮ ಪಕ್ಕದೂರಿನ ಚನ್ನಾಜಮ್ಮನವರ ಕಡಸು ಕಂದು ಹಾಕಿತು. ಏಳು ತಿಂಗಳ ಕರು. ನಾನು ಹೋಗುವಷ್ಟರಲ್ಲಿ ನಾಯಿಗಳು ಕರುವಿನ ಜೊತೆ ಬಿದ್ದ ಮಾಸನ್ನು ಕೆರೆಯ ತನಕ ಎಳೆದುಕೊಂಡು ಹೋಗಿದ್ದವು. ಚನ್ನಾಜಮ್ಮ ವಿಭೂತಿ ಹಚ್ಚಿದ ಹಣೆಯ ಮೇಲೆ ಕೈ ಇಟ್ಟುಕೊಂಡು ಜಗುಲಿಯಲ್ಲಿ ಕುಳಿತಿದ್ದರು. "ನೀ ಕೊಟ್ಟ ತಿಂಡಿ ತಿಂದೇ ಇಂಗಾಯ್ತು ಅಂತಾವ್ರೆ ಕಣವ್ವ ಊರೋರು. ನಾನು ಅಂಗನ್ನಾಕಿಲ್ಲ. ಓದಿರೋ ಮಗ, ನೀನೇ ಏಳು, ಏನಾಗದೆ ಇದ್ಕೆ?" ಅಂದರು. ಬಿಸಿಲಿಗೆ ಹೀಗಾಗುತ್ತದೆ ಎಂದೆ. ಅಂದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ.

ಹದಿನೈದು ದಿನದೊಳಗೆ ಇನ್ನೆರಡು. ಎರಡರಲ್ಲೂ ಮಾಸು ಒಣಗಿದ ತೊಗಲಿನಂತೆ ದಪ್ಪವಾಗಿ ಬಣ್ಣಗೆಟ್ಟಿತ್ತು. ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ. ಅದರ ಹೆಸರು ಕಂದು ರೋಗ, ಚೀಟಿಯಲ್ಲಿ ಬರೆದಿರುವ ಬ್ರುಸೆಲ್ಲಾ ಅದೇ. ದನದಿಂದ ದನಕ್ಕೆ ಮಾತ್ರ ಹರಡುವಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಕಂದು ಹಾಕಿದ ಹಸುವಿನ ನೀರು, ಮಾಸು, ಹಸಿ ಹಾಲು ತಾಗಿದರೆ ಅದು ಮನುಷ್ಯರಿಗೂ ಬರುತ್ತದೆ. ಬಸುರಿಗೆ ಬಂದರೆ ಹೊಟ್ಟೆಯ ಮಗುವಿಗೆ ಅಪಾಯ.

ಸರ್‌ಗೆ ಹೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಟ್ರಯಲ್ ಇರೋದು ಫೀಡ್ ಮೇಲೆ. ಕಂದು ಹಾಕಿದ್ದನ್ನೆಲ್ಲ ಪಟ್ಟಿಯಿಂದ ತೆಗೆದ್ಬಿಡಿ, ಆವರೇಜ್ ಕೆಡತ್ತೆ" ಅಂದರು. ಮೂರು ಸಾಲು ಅಳಿಸಿದೆ. ಆಮೇಲೆ ನಾಲ್ಕನೆಯದನ್ನೂ ಅಳಿಸಿದೆ. ಆದರೆ ಸೆಪ್ಟೆಂಬರ್ ಮೂರನೇ ವಾರ ಅವರಿಗೆ ತಿಳಿಸದೆ ಹನ್ನೆರಡು ಕಡಸುಗಳ ರಕ್ತವನ್ನೂ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದೆ. ನಿನ್ನ ಕೊಟ್ಟಿಗೆಗೂ ಬಂದಿದ್ದೆ. ಜಂತುಹುಳದ ಪರೀಕ್ಷೆ ಅಂದೆ. ನೀನು ಹಸುವಿನ ಕೊರಳು ತಬ್ಬಿ ಹಿಡಿದುಕೊಂಡೆ, ನಾನು ಸೂಜಿ ಚುಚ್ಚಿದೆ.

ವಿಜಯದಶಮಿಯ ಬೆಳಗ್ಗೆ ನೀನು ಫೋನ್ ಮಾಡಿದೆ. "ಗೌತಮಿ, ಅಸ ಮಲಗ್ತದೆ ಏಳ್ತದೆ ಕಣೇ, ಕರುವಿನ ಕಾಲು ಈಚೆಗೆ ಬಂದವೆ, ಇನ್ನೂ ದಿನ ತುಂಬಿಲ್ಲ. ಡಾಕ್ಟ್ರು ಫೋನ್ ಎತ್ತಾಯಿಲ್ಲ, ರಜ ಅಲ್ವಾ" ಅಂದೆ. ಭಾವ ಮನೆಯಲ್ಲಿರಲಿಲ್ಲ. ಹೇಗೆ ಎಳೆಯಬೇಕೆಂದು ನಾನು ಫೋನಿನಲ್ಲೇ ಹೇಳಿಕೊಟ್ಟೆ. ನೀನಾಗ ನಾಲ್ಕು ತಿಂಗಳ ಬಸುರಿ. ಆಮೇಲೆ ನೀನೇ ಹೇಳಿದೆಯಲ್ಲ, ಕರು ಉಸಿರಾಡುತ್ತಿಲ್ಲವೆಂದು ಸೆರಗಿನಲ್ಲಿ ಅದರ ಮೂತಿ ಒರೆಸಿ, ಮೂಗಿಗೆ ಬಾಯಿಟ್ಟು ಊದಿದೆನೆಂದು. ಕಾಲು ಗಂಟೆ ಊದಿದೆನೆಂದು. ಆ ಮಾತು ಕೇಳಿದ ಮೇಲೆ ನಾನು ನೆಮ್ಮದಿಯಾಗಿ ಒಂದು ತುತ್ತು ಉಂಡಿಲ್ಲ ಅಕ್ಕಾ.

ದಸರೆ ಮುಗಿದ ಮೇಲೆ ಲ್ಯಾಬಿನಿಂದ ವರದಿ ಬಂತು. ಹನ್ನೆರಡರಲ್ಲಿ ಒಂಬತ್ತಕ್ಕೆ ರೋಗವಿತ್ತು. ಸರ್ ಮುಂದಿಟ್ಟೆ. ಬಹಳ ಹೊತ್ತು ಓದಿದರು. ಹೇಳದೆ ರಕ್ತ ಕಳಿಸಿದ್ದಕ್ಕೆ ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಬಾಗಿಲು ಹಾಕಿ ಬಂದು, "ಡಿಸೆಂಬರಲ್ಲಿ ರಿವ್ಯೂ ಇದೆ. ಅದು ಮುಗೀಲಿ, ಇಲಾಖೆಗೆ ತಿಳಿಸೋಣ. ಈಗ ಬಾಯಿಬಿಟ್ರೆ ಪ್ರಾಜೆಕ್ಟ್ ಮುಚ್ಚತ್ತೆ, ನಿಮ್ಮ ಪಿಎಚ್‌ಡಿನೂ ಹೋಗತ್ತೆ" ಎಂದರು. ನಾಲ್ಕು ವರ್ಷದ ಕೆಲಸ. ಊರಲ್ಲಿ ಅಪ್ಪ ಈಗಲೇ ನನ್ನನ್ನು ಡಾಕ್ಟರಮ್ಮ ಅನ್ನುತ್ತಾನೆ. ನಾನು ಆಗಲಿ ಎಂದು ಒಪ್ಪಿಕೊಂಡೆ. ಅದೇ ದಿನ ನಿನ್ನ ಹಸುವಿನ ಸಾಲನ್ನೂ ಪಟ್ಟಿಯಿಂದ ಅಳಿಸಿದೆ. ಐದನೆಯದು.

ಒಂದು ತಿಂಗಳು ಹಾಗೇ ಇದ್ದೆ. ನಿನಗೆ ಏನೂ ಆಗಿರಲಾರದು, ಆಗಿದ್ದರೆ ಇಷ್ಟರಲ್ಲಿ ತಿಳಿಯುತ್ತಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎದುರಿಗೇ ಚಲುವಯ್ಯಣ್ಣ ಇದ್ದರು. ಈ ಕಾಗದ ತಂದುಕೊಡುವವರು ಅವರೇ, ನಮ್ಮ ಕೇಂದ್ರದಲ್ಲಿ ಫೀಡ್ ತೂಗುವ ಅಟೆಂಡರ್. ಸತ್ತ ಕರುಗಳನ್ನು ಹೂತವರೂ ಅವರೇ. ಸೆಪ್ಟೆಂಬರಿನಿಂದ "ಸೊಂಟ ಇಡ್ಕಂಡದೆ ಮೇಡಂ, ಸಂಜಿಕೆ ಚಳಿ ಬತ್ತದೆ" ಅನ್ನುತ್ತಿದ್ದರು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು ಚೀಲ ಹೊರುತ್ತಿದ್ದರು. ಹೋದ ವಾರ ಏಳಲಾರದೆ ಮಲಗಿದಾಗ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದೆ. ಅದೇ ಬಂತು. ಈಗ ಸರಿಯಾದ ಮಾತ್ರೆ ಸಿಕ್ಕ ಮೇಲೆ ಚಳಿ ಬಿಟ್ಟಿದೆ, ಓಡಾಡುತ್ತಿದ್ದಾರೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಇದಕ್ಕೆ ಔಷಧವಿದೆ. ಬಸುರಿಯರಿಗೆ ಕೊಡುವಂಥದ್ದೂ ಇದೆ. ಆದರೆ ತಡ ಮಾಡಬಾರದು. ನಾನು ಈಗಾಗಲೇ ತಡ ಮಾಡಿದ್ದೇನೆ.

ನಿನ್ನೆ ಬೆಳಗ್ಗೆ ಅಮ್ಮ ಫೋನ್ ಮಾಡಿದಳು. ಊರಿನ ಸುದ್ದಿಯೆಲ್ಲ ಹೇಳಿ ಕೊನೆಗೆ, "ಮಧುಗೆ ಹತ್ ದಿವಸದಿಂದ ಸಂಜೆಯಾದ್ರೆ ಜರ ಬತ್ತದಂತೆ ಕಣವ್ವ, ಬೆಳಿಗ್ಗೆ ಬಿಟ್ಟೋಯ್ತದಂತೆ. ಸೀರೆ ಹಿಂಡೋವಷ್ಟು ಬೆವರಂತೆ. ಬಸುರಿಗೆ ಇವೆಲ್ಲ ಇದ್ದದ್ದೇಯ. ಅವ್ರತ್ತೆ ದಿನಾ ನೊರೆಹಾಲು ಕೊಡ್ತಾವ್ರಂತೆ, ವಾಸಿಯಾಯ್ತದೆ ಬುಡು" ಅಂದಳು. ಆಗಷ್ಟೇ ಕರೆದ, ಕಾಯಿಸದ ಆ ನೊರೆಹಾಲು ಯಾವ ಹಸುವಿನದೆಂದು ನಾನು ಕೇಳಲಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿರುವುದು ಒಂದೇ ಹಸು. ಕಂದು ಹಾಕಿದ ಮೇಲೂ ಅದು ಎರಡು ಲೀಟರ್ ಕೊಡುತ್ತಿದೆ ಎಂದು ನೀನೇ ಹೇಳಿದ್ದೆ. ನಿಮ್ಮತ್ತೆಯನ್ನು ಬೈಯಬೇಡ, ಅವರು ಪ್ರೀತಿಯಿಂದ ಕೊಟ್ಟರು. ಅವರಿಗೆ ಹೇಳಬೇಕಾಗಿದ್ದವಳು ನಾನು.

ನಿನ್ನೆ ಮಧ್ಯಾಹ್ನ ನಂಜನಗೂಡಿಗೆ ಹೋಗಿ ಪಶುಪಾಲನಾ ಇಲಾಖೆಗೆ ಎಲ್ಲವನ್ನೂ ಬರೆದುಕೊಟ್ಟು ಬಂದೆ. ಲ್ಯಾಬಿನ ವರದಿ, ಅಳಿಸುವ ಮೊದಲಿನ ಪಟ್ಟಿ, ನಾನು ಸಹಿ ಹಾಕಿದ ಸುಳ್ಳು ಸರ್ಟಿಫಿಕೇಟು, ಎಲ್ಲದರ ನಕಲನ್ನೂ ಕೊಟ್ಟೆ. ವಾಪಸ್ ಬಂದು ಸರ್‌ಗೂ ಒಂದು ಪ್ರತಿ ಕೊಟ್ಟೆ. ಅವರು ಕೂಗಾಡಲಿಲ್ಲ. ಕನ್ನಡಕ ಒರೆಸಿಕೊಂಡು, "ಸ್ವಂತ ಅಕ್ಕನಿಗೆ ಕಡಸು ಕೊಡಿಸಿದವರು ಯಾರು ಅಂತಾನೂ ಅವರು ಕೇಳ್ತಾರೆ. ಸರ್ಟಿಫಿಕೇಟಲ್ಲಿ ನನ್ನ ಸೈನ್ ಇಲ್ಲ, ಗೌತಮಿ. ನೋಡ್ಕೊಂಡಿದೀರಲ್ವಾ?" ಎಂದರು. ಮೆಲ್ಲಗೆ, ಪಾಠ ಹೇಳಿಕೊಡುವವರಂತೆ ಅಂದರು. ನನ್ನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಿನದೂ ಆಗಬಹುದು. ಅಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ, ನಾನೇ ಹೇಳುತ್ತೇನೆ.

ಇವತ್ತು ಬೆಳಗ್ಗೆ ಇಲಾಖೆಯವರು ಊರುಗಳಿಗೆ ಬರುತ್ತಾರೆ. ಯಾವ ಹಸು ಯಾರ ಮನೆಯಲ್ಲಿದೆ ಎಂದು ತೋರಿಸಲು ನಾನು ಜೊತೆಗಿರಬೇಕು. ಮೊದಲು ಚನ್ನಾಜಮ್ಮನವರ ಮನೆ. ಮಧ್ಯಾಹ್ನ ನೇರವಾಗಿ ಆಸ್ಪತ್ರೆಗೆ ಬರುತ್ತೇನೆ. ನಿನ್ನ ಹಸುವನ್ನು ಅವರು ಬೇರೆ ಕಡೆಗೆ ಸಾಗಿಸುತ್ತಾರೆ. ಅಷ್ಟರಲ್ಲಿ ಯಾರಾದರೂ ಬಂದು ಕೊಳ್ಳುತ್ತೇವೆ ಎಂದರೆ ಖಂಡಿತ ಮಾರಬೇಡಿ, ಅದು ಇನ್ನೊಂದು ಊರಿಗೆ ಹೋಗುತ್ತದೆ. ಗಾನವಿಯನ್ನು ಕೊಟ್ಟಿಗೆಗೆ ಬಿಡಬೇಡ. ಮನೆಯಲ್ಲಿ ಕರೆದಿಟ್ಟ ಹಾಲಿದ್ದರೆ ಚೆಲ್ಲಿಬಿಡು. ಆ ದಿನ ಉಟ್ಟಿದ್ದ ಸೀರೆ ಯಾವುದೆಂದು ನೆನಪಿದ್ದರೆ ಬಿಸಿನೀರಿನಲ್ಲಿ ಕುದಿಸು.

ಮಗು ಒದೆಯುತ್ತಿದೆಯಾ ಎಂದು ನಿನ್ನೆ ಫೋನಿನಲ್ಲಿ ಕೇಳಬೇಕೆಂದಿದ್ದೆ. ಈಗ ಕೇಳುತ್ತಿದ್ದೇನೆ. ಉತ್ತರವನ್ನು ನನಗಲ್ಲ, ಡಾಕ್ಟರಿಗೆ ಹೇಳು.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಹೊರಡು ಅಕ್ಕಾ, ಬೇಗ ಹೊರಡು.

ನೀನೇ ಎತ್ತಿ ಆಡಿಸಿದ ನಿನ್ನ ತಂಗಿ,
ಗೌತಮಿ

ತಾ.ಕ.: ಚಲುವಯ್ಯಣ್ಣ ಬೈಕ್ ಸ್ಟಾರ್ಟ್ ಮಾಡಿದ್ದರು, ನಿಲ್ಲಿಸಿ ಲಕೋಟೆ ಬಿಚ್ಚಿದ್ದೇನೆ. ವರದಿ ದಸರೆ ಮುಗಿದ ಮೇಲೆ ಬಂತು ಎಂದು ಬರೆದದ್ದು ಸುಳ್ಳು. ಸರ್‌ಗೆ ತೋರಿಸಿದ್ದು ಆಮೇಲೆ. ನನಗೆ ಬಂದದ್ದು ಅಕ್ಟೋಬರ್ ಒಂಬತ್ತಕ್ಕೆ, ವಿಜಯದಶಮಿಗೆ ಮೂರು ದಿನ ಮೊದಲು. ಇಲಾಖೆಗೂ ಇದನ್ನು ಹೇಳಿಲ್ಲ. ನಿನ್ನ ಹಸುವಿನ ಕಿವಿ ಓಲೆಯ ನಂಬರು ವರದಿಯ ಮೂರನೇ ಸಾಲಿನಲ್ಲಿತ್ತು, ರೋಗವಿದೆ ಎಂದು. ಆ ಬೆಳಗ್ಗೆ ನೀನು, "ನಾನು ಬಸುರಿ ಅಲ್ವೇನೇ, ಕೈ ಹಾಕ್ಬೋದಾ?" ಎಂದು ಕೇಳಿದೆ. ಬೇಡ ಅಂದರೆ ಯಾಕೆ ಎಂದು ನೀನು ಕೇಳುತ್ತಿದ್ದೆ. ಹಾಕು, ಏನೂ ಆಗಲ್ಲ ಅಂದೆ.