ಮೂರನೇ ಬೆಂಚಿನ ಟಿಕ್ ಟಿಕ್

ಮಾರ್ಚ್ ೧೧, ಮಂಗಳವಾರ

ನನ್ನ ಗುಬ್ಬಿಗೆ (ಹಾಗೆ ಕರೆಯುವ ಮುಖ ನನಗಿನ್ನೂ ಉಳಿದಿದ್ದರೆ),

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಕೂತು ಮೂರು ಸಲ ಓದಿದೆ. ಅಂಗುಳಿನ ಹಿಂದಿನ ಮೆತ್ತನೆಯ ಭಾಗ ತನ್ನಷ್ಟಕ್ಕೆ ತಾನೇ, ಒಂದೇ ತಾಳದಲ್ಲಿ ಅದುರುತ್ತದಂತೆ. ಅಲ್ಲಿಯ ಸ್ನಾಯು ಕಿವಿಯ ನಳಿಗೆಯನ್ನು ಎಳೆದಾಗಲೆಲ್ಲ ಟಿಕ್ ಎನ್ನುತ್ತದಂತೆ. ನೀನು ಏನು ಮಾಡಿದರೂ ನಿಲ್ಲುವುದಿಲ್ಲವಂತೆ. ಡಾಕ್ಟರು ಈಗ ಹೇಳಿದ್ದನ್ನೇ ಹದಿನಾಲ್ಕು ವರ್ಷದ ಹಿಂದೆ ನೀನೂ ಅಳುತ್ತಾ ಹೇಳಿದ್ದೆ, "ನಾನು ಮಾಡ್ತಿಲ್ಲಮ್ಮಾ, ಅದೇ ಆಗ್ತಿದೆ" ಅಂತ.

ಅಯ್ಯೋ, ಆ ದಿನ! ಗಣಿತದ ವಾರ್ಷಿಕ ಪರೀಕ್ಷೆ, ಕೊಠಡಿ ಕಾಯುವ ಕೆಲಸ ನನ್ನದು. ಮೂರನೇ ಬೆಂಚಿನಿಂದ, ನಿನ್ನಿಂದ, ಟಿಕ್ ಟಿಕ್. ಸರಿಯುತ್ತರ ಆರಿಸುವ ಪ್ರಶ್ನೆಗಳಿಗೆ ನಾಲಿಗೆಯಲ್ಲಿ ಸದ್ದು ಮಾಡಿ ಉತ್ತರ ದಾಟಿಸುವ ಚಾಳಿ ಆ ವರ್ಷ ಮಕ್ಕಳಿಗೆ ಹಿಡಿದಿತ್ತು. ಒಂದು ಟಿಕ್ ಎಂದರೆ ಮೊದಲನೆಯದು, ಎರಡೆಂದರೆ ಎರಡನೆಯದು. ನಿನ್ನ ಹಿಂದೆ ಕೂತಿದ್ದವಳು ನಿನ್ನ ಜೀವದ ಗೆಳತಿ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದರು. ತನ್ನ ಮಗಳು ಅಂತ ಬಿಟ್ಟಳು ಎನ್ನಿಸಿಕೊಳ್ಳಬಾರದೆಂದು ನಾನೇ ನಿನ್ನ ಉತ್ತರಪತ್ರಿಕೆ ಕಿತ್ತುಕೊಂಡೆ. ಕೆಂಪು ಶಾಯಿಯಲ್ಲಿ "ನಕಲು" ಎಂದು ಬರೆದು ನಿನ್ನನ್ನು ವರಾಂಡದ ಬೆಂಚಿನಲ್ಲಿ ಕೂರಿಸಿದೆ.

ನಿನಗೆ ಒಂದು ವರ್ಷ ಹಾಳಾಯಿತು. ನನಗೆ, "ಮೇಡಂ, ನ್ಯಾಯ ಅಂದ್ರೆ ನಿಮ್ದು ಕಣ್ರೀ" ಎಂಬ ಹೊಗಳಿಕೆ ಸಿಕ್ಕಿತು. ನಾಚಿಕೆಗೆಟ್ಟವಳು, ಉಬ್ಬಿಹೋಗಿದ್ದೆ. ನೀನು ಚಿಕ್ಕಮ್ಮನ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಮುಂದಿನ ವಾರ ಗುರುವಾರ ಅಂಗುಳಿಗೇ ಇಂಜೆಕ್ಷನ್ ಚುಚ್ಚಿ ಆ ಸ್ನಾಯುವನ್ನು ಸಡಿಲ ಮಾಡುತ್ತಾರೆ ಎಂದು ಬರೆದಿದ್ದೀಯ. ಕೆಲವು ವಾರ ಕುಡಿದ ನೀರು ಮೂಗಿಗೆ ಏರಬಹುದು, ಮಾತು ಮೂಗಿನಲ್ಲೇ ಬರಬಹುದು, ಕೆಲವು ತಿಂಗಳಾದ ಮೇಲೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಬಹುದು ಎಂದೂ. ಜೊತೆಗೆ ಚಿಕ್ಕಮ್ಮ ಇರುತ್ತಾಳೆ, ನಾನು ಬರುವುದು ಬೇಡ ಎಂದೂ. ಬರಲೇನೇ? ಒಳಗೆ ಕಾಲಿಡುವುದಿಲ್ಲ. ಆಚೆ ಬೆಂಚಿನ ಮೇಲೆ ಕೂತಿರುತ್ತೇನೆ. ಗೊತ್ತಿಲ್ಲದೆ ಆದ ತಪ್ಪು, ಹೊಟ್ಟೆಗೆ ಹಾಕಿಕೋ.

ಇಂತಿ, ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಎಂದೆನಲ್ಲ, ಸುಳ್ಳು. ಪರೀಕ್ಷೆಯ ಬೆಳಿಗ್ಗೆ ನಿನಗೆ ಜಡೆ ಹೆಣೆಯುತ್ತಿದ್ದೆ. ನೀನು ಬಾಯಿತುಂಬ ಬಾಳೆಹಣ್ಣು ತುರುಕಿಕೊಂಡಿದ್ದೆ, ನಾಲಿಗೆ ಹೊರಳಿಸಲೂ ಜಾಗವಿರಲಿಲ್ಲ. ಆದರೂ ನಿನ್ನ ಕಿವಿಯೊಳಗಿಂದ ಟಿಕ್ ಟಿಕ್ ನನಗೆ ಕೇಳಿಸಿತ್ತು. ಕೊಠಡಿಯಲ್ಲಿ ಕೇಳಿದ್ದೂ ಅದೇ ಸದ್ದು ಎಂದು ಗೊತ್ತಿದ್ದೇ "ನಕಲು" ಎಂದು ಬರೆದೆ. ಇದನ್ನು ಓದಿದ ಮೇಲೂ ಬಾ ಎಂದರೆ ಬರುತ್ತೇನೆ.